ಒಬ್ಬನೇ ನುಡಿಸಿದ ಮೇಳ

ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವನ್ನು ನೋಡಿದವರಿಗೆ ಮೇಳವೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗುಮಟೆಯವನ ಕಣ್ಣು ಕುಣಿಯುವವರ ಕಾಲಿನ ಮೇಲೆ. ಜಾಗಟೆಯವನ ಕಿವಿ ಗುಮಟೆಯ ಕಡೆಗೆ. ಒಬ್ಬನು ಲಯವನ್ನು ತುಸು ಬಿಗಿದರೆ ಉಳಿದವರೂ ಬಿಗಿಯುತ್ತಾರೆ. ಇಂಥ ಮೇಳವನ್ನು ಒಬ್ಬನೇ ನುಡಿಸಬಲ್ಲನೆ? ಪಶ್ಚಿಮದ ಸಂಗೀತಗಾರರು ಈ ಪ್ರಶ್ನೆಗೆ ಯಂತ್ರದ ಮೂಲಕ ಉತ್ತರ ಹುಡುಕಿದ್ದಾರೆ.

1941ರಲ್ಲಿ ಜಾಝ್ ವಾದಕ ಸಿಡ್ನಿ ಬೆಶೆ ಕ್ಲಾರಿನೆಟ್, ಎರಡು ಬಗೆಯ ಸ್ಯಾಕ್ಸೋಫೋನ್, ಪಿಯಾನೋ, ಬಾಸ್, ಡ್ರಮ್ ಈ ಆರನ್ನೂ ತಾನೇ ನುಡಿಸಿ ಮುದ್ರಿಸಿದನು. ಮೊದಲ ತಟ್ಟೆಯನ್ನು ಕೇಳುತ್ತ ಎರಡನೆಯ ವಾದ್ಯವನ್ನು ನುಡಿಸುವುದು, ಎರಡನ್ನೂ ಕೂಡಿಸಿ ಹೊಸ ತಟ್ಟೆಗೆ ಇಳಿಸುವುದು — ಹೀಗೆ ಸಾಗಿತು ಆ ಕೆಲಸ. ನಕಲಿನ ಮೇಲೆ ನಕಲಾದಂತೆ ಹಿಂದಿನ ನಾದ ಮಸುಕಾಗುತ್ತಿತ್ತು. ಮುಂದೆ ಬಹುಪಥದ ಟೇಪು ಬಂದು, ಒಂದೊಂದು ವಾದ್ಯಕ್ಕೂ ಬೇರೆ ಬೇರೆ ದಾರಿ ದೊರೆತ ಮೇಲೆ ಈ ತೊಂದರೆ ಬಹಳ ಮಟ್ಟಿಗೆ ತಗ್ಗಿತು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ರಾಯ್ ವುಡ್ ಈ ಅನುಕೂಲವನ್ನು ಪೂರ್ಣವಾಗಿ ಬಳಸಿದವನು. ಅವನ ಮೊದಲ ಏಕವ್ಯಕ್ತಿ ಆಲ್ಬಮ್ 'ಬೋಲ್ಡರ್ಸ್' 1973ರಲ್ಲಿ ಹೊರಬಂದಿತು. ಮುದ್ರಣದ ಕೆಲಸ 1969ರಲ್ಲಿಯೇ ಆರಂಭವಾಗಿತ್ತು. ಗಿಟಾರು, ಡ್ರಮ್, ಸೆಲ್ಲೊ, ಸ್ಯಾಕ್ಸೋಫೋನ್ ಮೊದಲಾಗಿ ಬಹುಮಟ್ಟಿಗೆ ಎಲ್ಲವೂ ಅವನ ಕೈಯವೇ. ಹೊದಿಕೆಯ ಚಿತ್ರವನ್ನೂ ಅವನೇ ಬರೆದನು! ಅದೇ ವರ್ಷ 'ವಿಝರ್ಡ್' ತಂಡದೊಡನೆ ಬಣ್ಣ ಬಳಿದ ಮುಖ, ಕೆದರಿದ ಕೂದಲಿನೊಂದಿಗೆ ಗ್ಲ್ಯಾಮ್ ರಾಕ್‌ನ ಮುಂಚೂಣಿಯಲ್ಲಿ ನಿಂತನು. ವೇಷ ಹೊಸದಾದರೂ ನಾದ ಹಿಂದಿನದು. 1960ರ ಸುಮಾರಿನ ಅಮೆರಿಕನ್ ಹಾಡುಗಳ ದಟ್ಟ ವಾದ್ಯಮೇಳವನ್ನು ಅವನು ಪ್ರೀತಿಯಿಂದ ಮರಳಿ ಕಟ್ಟಿದನು.

ಆದರೆ ಒಂದು ಕೊರತೆಯನ್ನು ಗಮನಿಸಬೇಕು. ಮೊದಲು ಮುದ್ರಿತವಾದ ಡ್ರಮ್ಮಿಗೆ ನಾಳೆ ಬರುವ ಗಿಟಾರಿನ ಅರಿವಿಲ್ಲ. ಗಿಟಾರು ಅದನ್ನು ಅನುಸರಿಸಬಹುದು. ಅದು ಗಿಟಾರಿಗೆ ಮರುನುಡಿಯಲಾರದು. ಸುಗ್ಗಿಯ ಮೇಳದ ಜೀವವೇ ಆ ಮರುನುಡಿಯಲ್ಲವೆ? ಏಕಾಂಗಿ ಆಲ್ಬಮ್‌ಗಳು ಎಷ್ಟೋ ಸಲ ಅಚ್ಚುಕಟ್ಟಾಗಿದ್ದೂ ತಣ್ಣಗಿರುವುದು ಇದರಿಂದಲೇ ಎಂದು ನನಗೆ ತೋರುತ್ತದೆ. ವುಡ್ ಇದನ್ನು ಚೇಷ್ಟೆಯಿಂದ ದಾಟಿದನು: 'ವೇಕ್ ಅಪ್' ಎಂಬ ಹಾಡಿಗೆ ನೀರು ಬಡಿಯುವ ಸದ್ದನ್ನೇ ತಾಳವಾಗಿಸಿದನು. ಎದುರಿಗೆ ಯಾರೂ ಇಲ್ಲದಿದ್ದರೂ ನೀರಾದರೂ ಉತ್ತರ ಕೊಟ್ಟಿತು!

ಕಾರವಾರದ ವಿದ್ಯಾರ್ಥಿಯೊಬ್ಬನು ಇಂದು ಮನೆಯ ಕಂಪ್ಯೂಟರಿನಲ್ಲಿಯೇ ಇಂಥ ಮುದ್ರಣ ಮಾಡಬಹುದು. ಅವನು ತಾಳದಿಂದ ತೊಡಗದಿರಲಿ. ಗಿಟಾರು ಹಿಡಿದು ಹಾಡನ್ನೆಲ್ಲ ಒಮ್ಮೆ ಮನಬಿಚ್ಚಿ ಹಾಡಿ ಮುದ್ರಿಸಲಿ. ಅದನ್ನು ಕೇಳುತ್ತ ತಾಳ ಹಾಕಲಿ. ಉಳಿದ ವಾದ್ಯಗಳೆಲ್ಲ ಕೂಡಿಕೊಂಡ ಮೇಲೆ ಆ ಮೊದಲ ಹಾಡನ್ನು ಅಳಿಸಿ, ಹೊಸದಾಗಿ ಹಾಡಲಿ.