ರಕ್ತದ ತೊಂದರೆಗಳನ್ನು ಗುರುತಿಸುವ ಬಗೆ

ಹೋದ ವರ್ಷ ನಮ್ಮ ಕೋಣೆಯ ಸ್ನೇಹಿತರೊಬ್ಬರು ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಊರಿನಿಂದ ಬಂದರು. ಮರುದಿನ ಅವರ ಎಡಗಾಲಿನ ಮೀನಖಂಡ ಊದಿ ಬಿಸಿಯಾಗಿತ್ತು. ಪ್ರಯಾಣದ ದಣಿವೆಂದು ತಿಳಿದು ನಾವೇ ಎಣ್ಣೆ ಹಚ್ಚಿ ತಿಕ್ಕಿದೆವು. ಮೂರನೆಯ ದಿನ ಉಸಿರಾಡಲಾರದೆ ಆಸ್ಪತ್ರೆ ಸೇರಿದರು, ದೈವವಶಾತ್ ಉಳಿದರು. ನಾವು ವೈದ್ಯರಲ್ಲ. ಆದರೂ ನಮ್ಮಿಂದಾದ ತಪ್ಪು ಇತರರಿಂದ ಆಗದಿರಲೆಂದು, ಓದಿ ಕೇಳಿ ತಿಳಿದುದನ್ನು ಇಲ್ಲಿ ಬರೆದಿದ್ದೇವೆ.

ಪ್ರಾಯದ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಗಾಯವಾದೊಡನೆ ರಕ್ತನಾಳ ಮುದುಡುತ್ತದೆ. ಪ್ಲೇಟ್‌ಲೆಟ್ ಎಂಬ ಕಿರುಕಣಗಳು ಬಿರಡೆಯಂತೆ ಕೂಡುತ್ತವೆ. ಫೈಬ್ರಿನ್ ಎಂಬ ಎಳೆಗಳು ಅದರ ಮೇಲೆ ಬಲೆ ಹೆಣೆಯುತ್ತವೆ. ಇದೇ ಹೆಪ್ಪು. ಬೇಕಾದಲ್ಲಿ ಹೆಪ್ಪುಗಟ್ಟದಿದ್ದರೂ ಕೇಡು, ಬೇಡವಾದಲ್ಲಿ ಗಟ್ಟಿದರೂ ಕೇಡು.

1. ಸೋರಿಕೆ: ಜ್ವರದಲ್ಲಿ ಚರ್ಮದ ಮೇಲೆ ಕೆಂಪು ಚುಕ್ಕೆಗಳೆದ್ದರೆ ಗಾಜಿನ ಲೋಟವನ್ನು ಅವುಗಳ ಮೇಲೆ ಒತ್ತಿ ನೋಡಿರಿ. ಚುಕ್ಕೆ ಮಾಸಿದರೆ ರಕ್ತ ನಾಳದೊಳಗೇ ಇದೆ. ಮಾಸದಿದ್ದರೆ ಹೊರಗೆ ಸೋರಿದೆ. ಡೆಂಗೆಯಲ್ಲಿ ಪ್ಲೇಟ್‌ಲೆಟ್ ಇಳಿದಾಗ ಹೀಗಾಗುವುದುಂಟು. ಒಸಡಿನಲ್ಲಿ ರಕ್ತ, ಕಪ್ಪು ಮಲ ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಇಂಥ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು. ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಪೆಟ್ಟಿನಿಂದಾದ ಕಲೆ ಮಾತ್ರ ನೀಲಿಯಿಂದ ಹಸಿರು, ಹಳದಿಗೆ ತಿರುಗಿ ತಾನೇ ಹೋಗುತ್ತದೆ. ತೆರೆದ ಗಾಯಕ್ಕೆ ಕಾಫಿಪುಡಿ ಬೇಡ; ಶುಚಿಯಾದ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ.

2. ಕಾಲಿನ ಹೆಪ್ಪು: ಇದಕ್ಕೆ ಮೂರು ಕಾರಣಗಳನ್ನು ಹೇಳುವರು: ರಕ್ತ ನಿಧಾನವಾಗುವುದು, ನಾಳದ ಗೋಡೆ ಕೆಡುವುದು, ರಕ್ತವೇ ಹೆಪ್ಪಿಗೆ ಒಲಿಯುವುದು. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಿನಿಂದ ಇವು ಇಂದಿಗೂ ಪ್ರಸಿದ್ಧ. ಕಾಲಿನ ಹೆಪ್ಪು ಮುರಿದು ಶ್ವಾಸಕೋಶಕ್ಕೆ ಸೇರುವುದನ್ನು 19ನೆಯ ಶತಮಾನದಲ್ಲಿ ತೋರಿಸಿಕೊಟ್ಟವರೂ ಅವರೇ. ನಮ್ಮ ಸ್ನೇಹಿತರಿಗೆ ಆದುದು ಇದೇ. ಎರಡೂ ಪಾದ ಊದಿ, ಹೆಬ್ಬೆರಳೊತ್ತಿದರೆ ಗುಳಿ ಬಿದ್ದರೆ, ಅದು ನೀರು. ಹೃದಯ, ಮೂತ್ರಪಿಂಡಗಳನ್ನು ತೋರಿಸಬೇಕು. ಒಂದೇ ಕಾಲು ಊದಿ ನೋಯುತ್ತಿದ್ದರೆ ಹೆಪ್ಪಿನ ಸಂಶಯವಿರಲಿ. ತಿಕ್ಕಬೇಡಿ, ಅಂದೇ ಆಸ್ಪತ್ರೆಗೆ ಹೋಗಿರಿ. ದೂರ ಪ್ರಯಾಣದಲ್ಲಿ ಆಗಾಗ ಪಾದವಾಡಿಸಿ, ಎದ್ದು ನಡೆದಾಡಿರಿ.

3. ಹರಿವು ನಿಲ್ಲುವುದು: ಮಿದುಳಿನ ನಾಳ ಮುಚ್ಚಿದರೆ ಬಾಯಿ ಸೊಟ್ಟಾಗುತ್ತದೆ, ಕೈ ಸೋಲುತ್ತದೆ, ಮಾತು ತೊದಲುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು; ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಆದುದರಿಂದ ತೊಂದರೆ ಶುರುವಾದ ಗಂಟೆಯನ್ನು ಬರೆದಿಟ್ಟುಕೊಂಡು ಒಡನೆ ಹೊರಡಿರಿ. ‘ಪಾಳಿ ಮುಗಿಯಲಿ’ ಎನ್ನಬೇಡಿ.

ಓದುಬಾರದ ಕೋಣೆಯ ಸಂಗಾತಿಗಳಿಗೆ ಇದನ್ನು ದಯವಿಟ್ಟು ಓದಿ ಹೇಳಿರಿ. ಒಂದು ದಿನದ ಪಗಾರ ಹೋದರೆ ಮತ್ತೆ ದುಡಿಯಬಹುದು.