ಆಟಗಾರ ಮಕ್ಕಳ ಆಹಾರ

ಖೋ-ಖೋ ಆಡುವಾಗ ಕಣ್ಣಿಗೆ ಕತ್ತಲೆಗಟ್ಟಿ ಕುಳಿತುಬಿಡುವ ಮಗುವನ್ನು ನಾವು ದುರ್ಬಲವೆಂದು ಬಗೆಯುತ್ತೇವೆ. ಅನೇಕ ವೇಳೆ ಅದು ಬೆಳಗಿನಿಂದ ಉಂಡಿರುವುದಿಲ್ಲ, ಇಲ್ಲವೆ ಸಾಕಷ್ಟು ನೀರು ಕುಡಿದಿರುವುದಿಲ್ಲ.

ಓಟಕ್ಕೆ ಬೇಕಾದ ಶಕ್ತಿಯು ಮುಖ್ಯವಾಗಿ ಧಾನ್ಯದ ಪಿಷ್ಟದಿಂದ ದೊರೆಯುತ್ತದೆ. ಸ್ನಾಯುಗಳ ಬೆಳವಣಿಗೆಗೆ ಸಸಾರಜನಕ ಬೇಕು. ನಮ್ಮ ಸೊಲ್ಲಾಪುರ ಸೀಮೆಯ ಜೋಳದ ರೊಟ್ಟಿಯಲ್ಲಿ ಮೊದಲನೆಯದೂ ಬೇಳೆ, ಮೊಸರು, ಶೇಂಗಾಗಳಲ್ಲಿ ಎರಡನೆಯದೂ ಉಂಟು. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ಬೆಲೆಬಾಳುವ ಡಬ್ಬಿಯ ಪುಡಿಗಳಿಗೆ ನಾವು ಆಶಿಸಬೇಕಾಗಿಲ್ಲ.

ಪಂದ್ಯಕ್ಕೆ 2-3 ಗಂಟೆ ಮೊದಲೇ ಊಟ ಮುಗಿಯಲಿ. ಆಟದ ನಡುನಡುವೆ ನೀರು, ಬಹಳ ಬೆವರಿದಾಗ ಆಟದ ಬಳಿಕ ಉಪ್ಪು ಬೆರೆಸಿದ ಮಜ್ಜಿಗೆ ಹಿತಕರ.

ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳಿಗೆ ಕಬ್ಬಿಣದ ಅಂಶವು ಹೆಚ್ಚು ಅವಶ್ಯ. ತಪ್ಪಲುಪಲ್ಯಕ್ಕೆ ನಿಂಬೆಯ ರಸ ಹಿಂಡಿದರೆ ಅದು ಚೆನ್ನಾಗಿ ಮೈಗೂಡುತ್ತದೆ. ಪಾಲಕರೇ, ಆಡಿ ಬಂದ ಮಗನಿಗೆ ಬಡಿಸುವಂತೆಯೇ ಮಗಳಿಗೂ ಹೊಟ್ಟೆತುಂಬ ಬಡಿಸೋಣ.