ಚೌಕಾಬಾರ ಆ್ಯಪ್‌ಗೆ ಆವೃತ್ತಿ ಸಂಖ್ಯೆ ಕೊಡುವುದು ಹೇಗೆ?

ಮೇಲುಕೋಟೆಯ ನಾಲ್ಕು ಹುಡುಗರು ಸೇರಿ ಚೌಕಾಬಾರವನ್ನು ಮೊಬೈಲಿಗೆ ತಂದು, ಅದರ ಸೋರ್ಸ್ ಕೋಡನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟರು ಅನ್ನಿ. ಅದಕ್ಕೆ ಯಾವ ಸಂಖ್ಯೆ ಕೊಡಬೇಕು?

ಮೊದಲು ಆಡುವವರ ಕಡೆಯಿಂದ ನೋಡಿ. ಅವರು ಕೇಳುವುದು ಎರಡೇ: ಅರ್ಧಕ್ಕೆ ನಿಲ್ಲಿಸಿದ ಆಟ ಹೊಸ ಆವೃತ್ತಿಯಲ್ಲಿ ತೆರೆಯುತ್ತದೆಯೇ? ಪಾಂಡವಪುರದ ಗೆಳೆಯನ ಫೋನಿನಲ್ಲಿ ಹಳೆಯದೇ ಇದ್ದರೂ ಜೊತೆಗೆ ಆಡಬಹುದೇ?

ಪ್ರೋಗ್ರಾಮರುಗಳು ಹೆಚ್ಚಾಗಿ ಬಳಸುವ ಕ್ರಮ ‘ಸೆಮ್ಯಾಂಟಿಕ್ ವರ್ಷನಿಂಗ್’, ಅಂದರೆ 2.4.1ರಂತೆ ಮೂರು ಅಂಕಿ. ಬೇರೆ ಪ್ರೋಗ್ರಾಂಗಳು ನೆಚ್ಚಿಕೊಂಡ ಲೈಬ್ರರಿಗಳಿಗೆ ಅದು ಸರಿ; ಆಟಕ್ಕೆ ಕೊಂಚ ತಿದ್ದಿಕೊಳ್ಳಬೇಕು. ಹಳೆಯ ಆಟ ತೆರೆಯದಂತಾದರೆ ಅಥವಾ ನಿಯಮ ಬದಲಾದರೆ ಮೊದಲ ಅಂಕಿ ಏರಲಿ. ಐದು ಮನೆಯ ಹಾಸಿನ ಜೊತೆಗೆ ಏಳು ಮನೆಯದನ್ನೂ ಸೇರಿಸಿದರೆ ನಡುವಿನ ಅಂಕಿ ಸಾಕು. ಕಾಗುಣಿತ, ಬಣ್ಣ, ಸದ್ದು ತಿದ್ದಿದರೆ ಕೊನೆಯದು.

ಎಡವುವುದು ಇಲ್ಲೇ. ನಾಲ್ಕೋ ಎಂಟೋ ಬಿದ್ದಾಗ ಇನ್ನೊಮ್ಮೆ ಕವಡೆ ಹಾಕಲು ಬಿಡದ ದೋಷವಿತ್ತು, ಸರಿಪಡಿಸಿದಿರಿ. ಕೋಡಿನಲ್ಲಿ ಒಂದೇ ಸಾಲು ಬದಲಾಗಿರಬಹುದು. ಆದರೆ ಈಗ ಹಳೆಯ ಆವೃತ್ತಿಯ ಫೋನು ಸರದಿ ಮುಗಿಯಿತು ಅನ್ನುತ್ತದೆ, ಹೊಸದಿರುವ ಫೋನು ಇಲ್ಲ ಅನ್ನುತ್ತದೆ. ನನ್ನ ಪ್ರಕಾರ ಇದು ಮೊದಲ ಅಂಕಿಯ ಬದಲಾವಣೆಯೇ.

ಇನ್ನೊಂದು ಪದ್ಧತಿಯೂ ಇದೆ. ‘ಬ್ಯಾಟಲ್ ಫಾರ್ ವೆಸ್ನಾತ್’ ಎಂಬ ಆಟದಲ್ಲಿ 1.16, 1.18 ಸ್ಥಿರ ಸರಣಿಗಳು, 1.17, 1.19 ಪರೀಕ್ಷೆಗೆ. ಪರೀಕ್ಷಿಸಲು ಬೇರೆ ಜನವಿದ್ದರೆ ಸಮ-ಬೆಸದ ಈ ಪದ್ಧತಿ ಚೆನ್ನ. ನಾಲ್ಕೇ ಜನಕ್ಕೆ ಭಾರ.

ತಾರೀಕನ್ನೇ ಸಂಖ್ಯೆ ಮಾಡುವವರೂ ಇದ್ದಾರೆ: ಉಬುಂಟು 24.04 ಅಂದರೆ 2024ರ ಏಪ್ರಿಲ್. ವರ್ಷಕ್ಕೊಮ್ಮೆ, ವೈರಮುಡಿ ಉತ್ಸವದ ಹೊತ್ತಿಗೆ ಬಿಡುವವರಿಗೆ ಈ ಕ್ರಮ ಒಪ್ಪುತ್ತದೆ. ಉತ್ಸವ ಒಮ್ಮೆ ಮಾರ್ಚ್, ಒಮ್ಮೆ ಏಪ್ರಿಲ್‌ಗೆ ಬರುವುದರಿಂದ ತಿಂಗಳನ್ನು ಮೊದಲೇ ಬರೆದಿಡಬೇಡಿ. ಆದರೆ ಹಳೆಯ ಆಟ ತೆರೆಯುತ್ತದೋ ಇಲ್ಲವೋ ಎಂಬುದನ್ನು ತಾರೀಕು ಹೇಳುವುದಿಲ್ಲ.

ನಿಯಮಗಳು ಇನ್ನೂ ಬದಲಾಗುತ್ತಿದ್ದರೆ 0.1ರಿಂದ ಶುರುಮಾಡಿ, ಅಪರಿಚಿತರು ದಿನವೂ ಆಡತೊಡಗಿದ ಮೇಲೂ ಸೊನ್ನೆಯಲ್ಲೇ ಕೂರಬೇಡಿ. ಈಗ ಲುವಾಂಟಿ ಎನಿಸಿರುವ ಮೈನ್‌ಟೆಸ್ಟ್ ಎಂಬ ಆಟ, 0.4.17ರ ಸರಣಿಯಿಂದ 2019ರಲ್ಲಿ ನೇರ 5.0.0ಗೆ ಜಿಗಿಯಿತು. ಓಪನ್‌ಟಿಟಿಡಿ ಎಂಬ ಆಟ 2021ರಲ್ಲಿ 1.11 ಬಿಟ್ಟು 12.0 ಎಂದಿತು, ಮುಂದಿದ್ದ, ಅಲುಗಾಡದ ಆ ಒಂದನ್ನು ಕಿತ್ತೇಬಿಟ್ಟಿತು.

ಆಮೇಲೆ ಸಣ್ಣ ಕೆಲಸಗಳು. 1.9 ಆದ ಮೇಲೆ 1.10 ಬರುತ್ತದೆ, ಇದು ದಶಮಾಂಶವಲ್ಲ. ಆಂಡ್ರಾಯ್ಡ್‌ನಲ್ಲಿ ಜನರಿಗೆ ಕಾಣುವ ಹೆಸರಲ್ಲದೆ ‘ವರ್ಷನ್ ಕೋಡ್’ ಎಂಬ ಪೂರ್ಣಾಂಕವೂ ಇದೆ. ಪ್ರತಿ ಬಿಡುಗಡೆಗೂ ಅದು ಏರಲೇಬೇಕು. ಗಿಟ್‌ನಲ್ಲಿ ಜನರಿಗೆ ಕಾಣುವ ಆವೃತ್ತಿ ಸಂಖ್ಯೆಯದೇ ಟ್ಯಾಗ್ ಹಾಕಿ. ಬಿಟ್ಟ ಹತ್ತೇ ನಿಮಿಷದಲ್ಲಿ ತಪ್ಪು ಕಂಡರೂ 1.2.0 ಹೆಸರಿನಲ್ಲೇ ಬೇರೆ ಫೈಲು ಏರಿಸಬೇಡಿ. 1.2.1 ಅನ್ನಿ, ಏನು ತಿದ್ದಿದಿರಿ ಎಂದು ಒಂದು ಸಾಲು ಬರೆಯಿರಿ.